ಬಿಸಿಯಾಗದ ಹಾಡಿನ ಪೆಟ್ಟಿಗೆ

ಮಗಳು ತಂದ ಹಾಡಿನ ಪೆಟ್ಟಿಗೆಯನ್ನು ಮೇಸ್ತ್ರಿ ಮೊದಲು ಅಂಗೈ ಮೇಲಿಟ್ಟು ತೂಗಿ ನೋಡಿದ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವವರ ಅಭ್ಯಾಸ ಅದು. ತೂಕ ಇದ್ದರೆ ಒಳಗೆ ತಾಮ್ರ ಇದೆ, ತಾಮ್ರ ಇದ್ದರೆ ಯಂತ್ರಕ್ಕೊಂದು ಮರ್ಯಾದೆ ಇದೆ. ಇದು ನೋಡುವುದಕ್ಕೆ ಇಟ್ಟಿಗೆಯಷ್ಟಿತ್ತು. ಸುತ್ತ ಮರದ ಹೊದಿಕೆ, ಮುಂದೆ ಬೂದುಬಣ್ಣದ ಬಟ್ಟೆ, ಬಟ್ಟೆಯ ಕೆಳಗೆ ಬೆಂಕಿಪೊಟ್ಟಣದಷ್ಟು ಪರದೆ. ತೂಕ ಮಾತ್ರ ಅರ್ಧ ಇಟ್ಟಿಗೆಯದೂ ಇರಲಿಲ್ಲ.

"ಒಳಗೆ ಏನಿದೆ ಇದರಲ್ಲಿ, ಗಾಳಿನಾ? ಹಾಡು ಹಾಕೋದು ಎಲ್ಲಿ? ಒಂದು ತೂತೂ ಇಲ್ಲ."

"ಹಾಡು ಬೀರುವಿನಲ್ಲಿದೆ ಅಪ್ಪ," ಎಂದಳು ಮಗಳು.

ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದ ಹೆಂಡತಿ ನಕ್ಕಳು. ಹಾಡು ಬೀರುವಿನಲ್ಲಿದ್ದರೆ ಒಗ್ಗರಣೆ ಡಬ್ಬಿ ಎಲ್ಲಿದೆ ಎಂದು ಕೇಳಿದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ದಿನಕ್ಕೆ ಮೂವತ್ತು ಜನಕ್ಕೆ ಒಂದೇ ಮಾತನ್ನು ಸಿಟ್ಟಿಲ್ಲದೆ ಹೇಳಿ ಅಭ್ಯಾಸ. ನಿಧಾನವಾಗಿ ವಿವರಿಸಿದಳು. ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ಟು, ಸಿ.ಡಿ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿ ಬೀರುವಿನಲ್ಲಿಟ್ಟ ವೈಫೈ ಡಬ್ಬಿಗೆ ಸಿಕ್ಕಿಸಿದ್ದಾಳೆ. ಈ ಪೆಟ್ಟಿಗೆ ಅಲ್ಲಿಂದ ಹಾಡನ್ನು ಗಾಳಿಯಲ್ಲೇ ಎಳೆದುಕೊಳ್ಳುತ್ತದೆ. ಬೇಕಾದ ಹಾಡನ್ನು ಫೋನಿನಲ್ಲಿ ಒತ್ತಿದರೆ ಸಾಕು. ಮೂರೂ ಜನರ ಫೋನಿಗೂ ಹಾಕಿಕೊಟ್ಟಿದ್ದಾಳೆ. ಯಾರು ಬೇಕಾದರೂ, ಮನೆಯ ಯಾವ ಮೂಲೆಯಿಂದ ಬೇಕಾದರೂ ಹಾಡು ಬದಲಿಸಬಹುದು.

ಗಾಳಿಯಲ್ಲಿ ಬರುವುದು ಅಂದಾಗಲೇ ಮೇಸ್ತ್ರಿಗೆ ಆ ಪೆಟ್ಟಿಗೆಯ ಮೇಲೆ ಗೌರವ ಹೋಯಿತು. ಕರೆಂಟಿನದೊಂದು ಬಿಟ್ಟರೆ ಬೇರೆ ತಂತಿಯೇ ಇಲ್ಲದ ಯಂತ್ರವನ್ನು ಅವನು ಯಂತ್ರ ಅನ್ನುತ್ತಿರಲಿಲ್ಲ. ಆದರೂ ಗೋಡೆಗೆ ಬಡಿದ ಹಲಗೆಯ ಮೇಲೆ ಅದಕ್ಕೆ ಜಾಗ ಮಾಡಿಕೊಟ್ಟ, ಪ್ಲಗ್ಗು ಸಡಿಲವಿದೆ ಎಂದು ಸಾಕೆಟ್ಟನ್ನು ಬಿಚ್ಚಿ ಬಿಗಿ ಮಾಡಿದ.

ಮಗಳು ಒಂದು ಹಳೆಯ ಹಾಡು ಒತ್ತಿದಳು. ಮೊದಲು ಕೊಳಲು, ಆಮೇಲೆ ಒಬ್ಬ ಹೆಂಗಸಿನ ದನಿ. ಹೆಂಡತಿ ಮಿಷಿನ್ ನಿಲ್ಲಿಸಿದಳು. ಹೊಲಿಯುತ್ತಿದ್ದ ಕಿಟಕಿ ಪರದೆಯ ಬಟ್ಟೆ ಮಡಿಲಿಗೆ ಜಾರಿತು. ಇಪ್ಪತ್ತು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದ ಹಾಡು ಅದು.

"ಎರಡನೇ ಸಾಲಿಗೆ ಮುಂಚೆ ಉಸಿರು ತಗೋತಾಳೆ ನೋಡು," ಎಂದಳು ಮೆಲ್ಲಗೆ. "ಇಷ್ಟು ದಿನ ಅದು ಕೇಳಿಸಿರಲೇ ಇಲ್ಲ."

ಇಬ್ಬರೂ ಮೇಸ್ತ್ರಿಯ ಮುಖ ನೋಡಿದರು. ನೋಡುವುದಕ್ಕೆ ಕಾರಣವಿತ್ತು. ಆ ಮನೆಯಲ್ಲಿ, ಆ ಬೀದಿಯಲ್ಲಿ, ಊರಾಚೆಯ ಕಾರ್ಖಾನೆಗಳಲ್ಲಿ ಕಿವಿ ಅಂದರೆ ಮೇಸ್ತ್ರಿಯ ಕಿವಿ. ಓಡುತ್ತಿರುವ ಮೋಟರಿನ ಬೇರಿಂಗ್ ಮುಚ್ಚಳಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಮರದ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟು, ಕಣ್ಣು ಮುಚ್ಚಿ ನಿಂತರೆ ಅರ್ಧ ನಿಮಿಷ ಸಾಕು. ಇದಕ್ಕೆ ಇನ್ನು ಆರು ತಿಂಗಳು ಆಯಸ್ಸು, ಇದು ಈ ವಾರ ಹೋಗುತ್ತದೆ, ಇದಕ್ಕೆ ಏನೂ ಆಗಿಲ್ಲ, ಸುಮ್ಮನೆ ಬೋಲ್ಟು ಸಡಿಲ, ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಮೂವತ್ತು ವರ್ಷ ಹಿಡಿದು ಹಿಡಿದು ಆ ಹಿಡಿಕೆಯ ಒಂದು ಮಗ್ಗುಲು ಬೆಣ್ಣೆ ಸವರಿದಂತೆ ನುಣುಪಾಗಿತ್ತು.

ಮೇಸ್ತ್ರಿ ಪೆಟ್ಟಿಗೆಯ ಹತ್ತಿರ ಹೋಗಿ ನಿಂತ. ಉಸಿರು ಹಾಗಿರಲಿ, ಹಾಡುವವಳ ದನಿಯೇ ಅವನಿಗೆ ಗೋಡೆಯಾಚೆಯಿಂದ ಬಂದ ಹಾಗಿತ್ತು.

"ಕಂಬಳಿ ಹೊದ್ದುಕೊಂಡು ಹಾಡ್ತಿದಾಳೆ," ಎಂದ. "ಮಾಲು ಚೆನ್ನಾಗಿಲ್ಲ."

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಕಣ್ಣಲ್ಲೇ ಬೇಡ ಎಂದಳು. ಮೇಸ್ತ್ರಿ ಅದನ್ನು ನೋಡಲಿಲ್ಲ. ಅವನು ಫೋನಿನಲ್ಲಿ ದನಿ ಏರಿಸುವುದು ಎಲ್ಲಿ ಎಂದು ಹುಡುಕುತ್ತಿದ್ದ. ಮೂವತ್ತರಲ್ಲಿದ್ದ ಅಂಕಿಯನ್ನು ಎಪ್ಪತ್ತಕ್ಕೆ ಒಯ್ದ ಮೇಲೆ ಹಾಡುವವಳು ಕಂಬಳಿಯಿಂದ ಹೊರಗೆ ಬಂದಳು. ಹಲಗೆಯ ಮೇಲಿದ್ದ ಲೋಟ ಸಣ್ಣಗೆ ನಡುಗತೊಡಗಿತು.

ಆ ವಾರವೆಲ್ಲ ಮನೆಯಲ್ಲಿ ಇದೇ ನಡೆಯಿತು. ಸಂಜೆ ತನ್ನ ಮೋಟರು ಅಂಗಡಿಯಿಂದ ಬಂದವನೇ ಮೇಸ್ತ್ರಿ ಹಾಡು ಹಾಕುತ್ತಿದ್ದ, ಎಪ್ಪತ್ತಕ್ಕೆ ಏರಿಸುತ್ತಿದ್ದ, ಕುರ್ಚಿಗೆ ಒರಗುತ್ತಿದ್ದ. ಹದಿನೈದಿಪ್ಪತ್ತು ನಿಮಿಷ ಸರಿಯಾಗಿರುತ್ತಿತ್ತು. ಆಮೇಲೆ ದನಿ ಕುಗ್ಗಿ ಕುಗ್ಗಿ ಮತ್ತೆ ಕಂಬಳಿಯೊಳಗೆ ಹೋಗುತ್ತಿತ್ತು. ಏರಿಸಿದರೆ ಏರುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಕುಗ್ಗುತ್ತಿತ್ತು. ಮೂರನೆಯ ದಿನಕ್ಕೆ ಮೇಸ್ತ್ರಿಗೆ ರೋಗ ಗೊತ್ತಾಯಿತು. ಇದು ಬಿಸಿಯಾಗಿ ಸೋಲುತ್ತಿದೆ. ಭಾರ ಹೆಚ್ಚಾದ ಮೋಟರೂ ಹೀಗೇ. ಶುರುವಿನಲ್ಲಿ ಹುಲಿಯ ಹಾಗೆ ಓಡುತ್ತದೆ, ಒಳಗಿನ ತಂತಿಸುರುಳಿ, ಆ ಕಾಯಿಲು, ಕಾದ ಮೇಲೆ ಜಗ್ಗುತ್ತದೆ. ಹಗುರವಾಗಿ ಮಾಡಿದ್ದಾರಲ್ಲ, ಒಳಗೆ ತಾಮ್ರ ಉಳಿಸಿದ್ದಾರೆ, ಇನ್ನೇನಾಗುತ್ತದೆ.

ಮರುದಿನ ಅಂಗಡಿಯಲ್ಲಿ ಈ ಮಾತನ್ನು ಕುಳ್ಳಣ್ಣನಿಗೆ ಹೇಳಿದ. ಕುಳ್ಳಣ್ಣ ಅಂಗಡಿಯಲ್ಲಿ ಕಾಯಿಲು ಸುತ್ತುವವನು, ಮೇಸ್ತ್ರಿಗಿಂತ ಆರು ವರ್ಷ ದೊಡ್ಡವನು. ಕಾಯಿಲಿಗೆ ಹಾಕುವ ಕಾಗದದ ಪಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ತಂತಿಯ ಸುತ್ತು ಎಣಿಸುತ್ತಿದ್ದವನು ಎಣಿಕೆ ಮುಗಿಯುವವರೆಗೆ ಮಾತಾಡಲಿಲ್ಲ. ಮುಗಿದ ಮೇಲೆ, ಪೆಟ್ಟಿಗೆ ಮುಟ್ಟಿ ನೋಡಿದೆಯಾ, ಬಿಸಿ ಇತ್ತಾ, ಎಂದು ಕೇಳಿದ. ಒಂದೇ ಮಾತನ್ನು ಎರಡು ಸಲ, ಎರಡನೆಯ ಸಲ ಗಟ್ಟಿಯಾಗಿ ಕೇಳಿದ. ಇತ್ತೀಚೆಗೆ ಅವನು ಎಲ್ಲವನ್ನೂ ಎರಡೆರಡು ಸಲ ಹೇಳುತ್ತಿದ್ದ. ಗಿರಾಕಿಗಳು ಹೇಳಿದ್ದನ್ನೂ ತಾನೇ ಇನ್ನೊಮ್ಮೆ ಹೇಳುತ್ತಿದ್ದ. ವಯಸ್ಸಾದರೆ ಹೀಗೇ ಎಂದು ಮೇಸ್ತ್ರಿ ಮನಸ್ಸಿನಲ್ಲೇ ನಗುತ್ತಿದ್ದ.

ಮುಟ್ಟಿ ನೋಡಿರಲಿಲ್ಲ. ಅದು ಮೇಸ್ತ್ರಿಗೆ ನಾಚಿಕೆಯ ವಿಷಯ.

ಶನಿವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬಂದ. ಪೆಟ್ಟಿಗೆಯನ್ನು ಹಲಗೆಯಿಂದ ಇಳಿಸಿ ಸ್ಟೂಲಿನ ಮೇಲೆ ಇಟ್ಟ. ಪಕ್ಕದಲ್ಲಿ ಟೇಬಲ್ ಫ್ಯಾನು ಇಟ್ಟು ಅದರ ಗಾಳಿ ಪೆಟ್ಟಿಗೆಯ ಬೆನ್ನಿಗೆ ಬೀಳುವಂತೆ ತಿರುಗಿಸಿದ. ತಂತಿಗೆ ಕರೆಂಟು ಅಳೆಯುವ ಮೀಟರು ಕಚ್ಚಿಸಿದ. ಹಾಡು ಹಾಕಿ ಎಪ್ಪತ್ತಕ್ಕೆ ಏರಿಸಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು ನೆಲದ ಮೇಲೆ ಕೂತ. ಜ್ವರದ ಮಗುವಿನ ಹತ್ತಿರ ಕೂತ ಹಾಗಿತ್ತು.

ಹದಿನಾಲ್ಕನೆಯ ನಿಮಿಷಕ್ಕೆ ಪುಟ್ಟ ಪರದೆಯ ಮೇಲಿನ ಎಪ್ಪತ್ತು ಅರವತ್ತೈದಾಯಿತು. ಐವತ್ತೆಂಟಾಯಿತು. ಅವನು ಕೈಯ ಹಿಂಬದಿಯನ್ನು ಪೆಟ್ಟಿಗೆಗೆ ಒತ್ತಿದ. ತಣ್ಣಗಿತ್ತು. ಬೆನ್ನಿಗೆ ಒತ್ತಿದ. ಅಲ್ಲೂ ತಣ್ಣಗೆ. ಮೀಟರಿನ ಮುಳ್ಳು ಒಂದು ಸಲವೂ ಮಿತಿ ಮೀರಿ ಏರಿರಲಿಲ್ಲ. ಅಂಕಿ ಮಾತ್ರ ಐವತ್ತು, ನಲವತ್ತನಾಲ್ಕು, ಮೂವತ್ತಾರು ಎಂದು ಮೆಟ್ಟಿಲು ಇಳಿದ ಹಾಗೆ ಇಳಿಯಿತು.

ತಣ್ಣಗಿರುವ ಯಂತ್ರ ತಾನಾಗಿ ಸೋಲುವುದಿಲ್ಲ. ಯಾರೋ ಸೋಲಿಸುತ್ತಿದ್ದಾರೆ.

ಮೇಸ್ತ್ರಿ ಎದ್ದು ಒಳಗೆ ಹೋದ. ಹೆಂಡತಿ ಹೊಲಿಗೆ ಮಿಷಿನ್ನಿನ ಮುಂದೆ ಬೆನ್ನು ಹಾಕಿ ಕೂತಿದ್ದಳು. ಎಡಗೈ ಬಟ್ಟೆಯ ಮೇಲಿತ್ತು. ಬಲಗೈಯಲ್ಲಿ ಫೋನು. ಹೆಬ್ಬೆರಳು ಗಾಜಿನ ಮೇಲೆ ಕೆಳಗೆ ಜಾರುತ್ತಿತ್ತು.

ಮೇಸ್ತ್ರಿಯ ಸಿಟ್ಟು ಊರಿಗೇ ಗೊತ್ತಿದ್ದದ್ದು. ಒಮ್ಮೆ ಸುಟ್ಟ ಮೋಟರನ್ನು ಹೊಸದು ಎಂದು ವಾದಿಸಿದ ಗಿರಾಕಿಯನ್ನು ಅವನು ಮೋಟರಿನ ಸಮೇತ ಬೀದಿಗೆ ಇಳಿಸಿದ್ದ. ಈಗಲೂ ಅದೇ ಸಿಟ್ಟು ನೆತ್ತಿಗೆ ಏರಿತು. ಒಂದು ವಾರದಿಂದ ತನ್ನನ್ನು ಮಂಗ ಮಾಡಿದ್ದೀರಿ ಎಂದು ಕೂಗಾಡಿದ. ಇವಳೊಬ್ಬಳೇ ಅಲ್ಲ, ಮಹಡಿಯ ಕೋಣೆಯಿಂದ ಮಗಳೂ ಇಳಿಸುತ್ತಿದ್ದಳು ಎಂಬುದು ಹೊರಗೆ ಬಂತು. ಬೀದಿಯ ಕೊನೆಯ ಮನೆಗೆ ಕೇಳುತ್ತದೆ, ಪಕ್ಕದ ಮನೆಯ ಅಜ್ಜಿ ಎರಡು ಸಲ ಬಂದು ಹೋದರು, ಎಂದಳು ಹೆಂಡತಿ. ಬರಲಿ, ಕೆಟ್ಟ ಮಾಲು ತಂದರೆ ಏರಿಸದೆ ಇನ್ನೇನು ಮಾಡಲಿ, ಇದರ ಗಂಟಲೇ ಸರಿಯಿಲ್ಲ ಎಂದ ಮೇಸ್ತ್ರಿ. ನಾಳೆಯೇ ಬಿಚ್ಚಿ ನೋಡುತ್ತೇನೆ ಎಂದ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದುಬಿಟ್ಟಳು ಹೆಂಡತಿ.

ಹೇಳಿದ ಕೂಡಲೇ ಫೋನನ್ನು ಬಟ್ಟೆಯ ಕೆಳಗೆ ಸರಿಸಿದಳು. ಮಗಳು ಮೆಟ್ಟಿಲ ಮೇಲೆ ಅರ್ಧ ಇಳಿದವಳು ಅಲ್ಲೇ ನಿಂತಳು. ಮೇಸ್ತ್ರಿ ಇಬ್ಬರನ್ನೂ ನೋಡಿದ. ಅವನಿಗೆ ಕಿವಿ ಮಂದವಾಗಿರಬಹುದು, ಬುದ್ಧಿ ಮಂದವಾಗಿರಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದ.

"ಎರಡು ವರ್ಷ ಆಯ್ತು ಕಣ್ರೀ," ಎಂದಳು ಹೆಂಡತಿ.

ಆಮೇಲೆ ಅವಳು ಹೇಳಿದ್ದೆಲ್ಲ ಅವನಿಗೂ ಗೊತ್ತಿದ್ದದ್ದೇ, ಬೇರೆ ಬೇರೆ ಹೆಸರಿನಲ್ಲಿ ಗೊತ್ತಿತ್ತು ಅಷ್ಟೆ. ಟಿ.ವಿ. ಹಳೆಯದಾಯಿತು ಅಂದುಕೊಂಡಿದ್ದ. ಫೋನಿನಲ್ಲಿ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲ ಅಂದುಕೊಂಡಿದ್ದ. ಬಾಗಿಲು ಬಡಿದದ್ದು ಕೇಳದಿದ್ದರೆ ಫ್ಯಾನಿನ ಸದ್ದು ಅಂದುಕೊಂಡಿದ್ದ. ಕುಳ್ಳಣ್ಣನಿಗೆ ವಯಸ್ಸಾಯಿತು ಅಂದುಕೊಂಡಿದ್ದ. ಎಲ್ಲ ಯಂತ್ರಗಳೂ, ಎಲ್ಲ ಮನುಷ್ಯರೂ ಒಂದೇ ಸಲ ಕೆಟ್ಟುಹೋದರೂ ಅವನಿಗೆ ಅನುಮಾನ ಬಂದಿರಲಿಲ್ಲ. ಮನೆಯವರು ಹೇಳಿರಲಿಲ್ಲ. ಹೇಳುವವರು ಯಾರು? ಅಡಿಗೆಯವನಿಗೆ ನಿನ್ನ ನಾಲಗೆ ಸತ್ತಿದೆ ಎಂದು ಹೇಳಿದ ಹಾಗೆ ಅದು.

ಮೇಸ್ತ್ರಿ ಹೋಗಿ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿದ.

"ಬಾ ಮಗಳೇ. ಟೆಸ್ಟ್ ಮಾಡು," ಎಂದ.

ಮಗಳು ಬೇಡ ಅಪ್ಪ, ಡಾಕ್ಟರ ಹತ್ತಿರ ಹೋಗೋಣ, ಅಲ್ಲಿ ಸರಿಯಾಗಿ ನೋಡುತ್ತಾರೆ ಎಂದಳು. ಅವನು ಕೇಳಲಿಲ್ಲ. ಮೊದಲು ಹೆಂಡತಿಯನ್ನು ಕೂರಿಸಿದ. ಸರಿಯಾಗಿರುವುದರ ಅಳತೆ ಗೊತ್ತಿಲ್ಲದೆ ಕೆಟ್ಟದ್ದನ್ನು ಅಳೆಯುವುದು ಹೇಗೆ. ಕಣ್ಣು ಮುಚ್ಚಿಕೊಂಡು, ಹಾಡು ಕೇಳಿಸಿದ ಕೂಡಲೇ ಕೈ ಎತ್ತಬೇಕು. ಮಗಳು ಸೊನ್ನೆಯಿಂದ ಒಂದೊಂದೇ ಅಂಕಿ ಏರಿಸಿದಳು. ಹೆಂಡತಿಯ ಕೈ ಐದಕ್ಕೆ ಎದ್ದಿತು. ಆಮೇಲೆ ಮೇಸ್ತ್ರಿ ಕೂತ. ಕಣ್ಣು ಮುಚ್ಚಿದ.

ಮಗಳು ತನಗೆ ಅರಿವಿಲ್ಲದೆಯೇ ಕನ್ನಡಕದ ಅಂಗಡಿಯ ದನಿಯಲ್ಲಿ ಕೇಳತೊಡಗಿದಳು. ಈಗ? ಈಗ? ಹದಿನೈದಾಯಿತು, ಇಪ್ಪತ್ತಾಯಿತು. ಈ ಹೊತ್ತಿಗೆ ಹೆಂಡತಿಗೆ ಪದಗಳೆಲ್ಲ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಮೇಸ್ತ್ರಿ ಕಣ್ಣು ಮುಚ್ಚಿ, ಕತ್ತು ಸ್ವಲ್ಪ ಮುಂದೆ ಚಾಚಿ, ಶಾಲೆಯ ಹುಡುಗನ ಹಾಗೆ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದ. ಹೆಂಡತಿ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಕೈ ಎದ್ದಿತು. ಅವನು ಕಣ್ಣು ತೆರೆದು ಪರದೆಯನ್ನು ತಾನೇ ಓದಿದ. ಇಪ್ಪತ್ತೇಳು.

"ಇನ್ನೊಂದು ಸಲ," ಎಂದ.

ಎರಡನೆಯ ಸಲ ಇಪ್ಪತ್ತೆಂಟಕ್ಕೆ ಎದ್ದಿತು.

ಮೇಸ್ತ್ರಿ ಸಿಟ್ಟಾಗಲಿಲ್ಲ. ಫ್ಯಾನು ಆರಿಸಿದ, ಮೀಟರು ಬಿಡಿಸಿಕೊಂಡ, ಪೆಟ್ಟಿಗೆಯನ್ನು ಎತ್ತಿ ಮೊದಲಿದ್ದ ಹಲಗೆಯ ಮೇಲೇ ಇಟ್ಟ. ಕೂಗಾಡಿದ್ದರೆ ಹೆಂಡತಿಗೆ ಸಮಾಧಾನವಾಗುತ್ತಿತ್ತು. ಸೋಮವಾರ ಏನಿದೆ ಎಂಬುದು ಅವಳಿಗೂ ಗೊತ್ತಿತ್ತು.

ಸೋಮವಾರ ಕೋಲ್ಡ್ ಸ್ಟೋರೇಜಿಗೆ ಹೋಗಬೇಕಿತ್ತು. ಪ್ರತಿವರ್ಷ ಬೇಸಿಗೆಗೆ ಮುಂಚೆ ಅಲ್ಲಿನ ಮ್ಯಾನೇಜರು ಅವನನ್ನು ಕರೆಸುತ್ತಿದ್ದ. ಸಾಲಾಗಿ ಹನ್ನೊಂದು ಮೋಟರುಗಳು. ಎಲ್ಲವನ್ನೂ ನಿಲ್ಲಿಸಿ ಬಿಚ್ಚಿ ನೋಡುವಂತಿಲ್ಲ, ಒಳಗಿನ ಸರಕು ಕೊಳೆಯುತ್ತದೆ. ಮೇಸ್ತ್ರಿ ಒಂದೊಂದಕ್ಕೂ ಸ್ಕ್ರೂಡ್ರೈವರು ಒತ್ತಿ, ಇದನ್ನು ತೆಗೆ, ಇದು ಇರಲಿ ಎನ್ನುತ್ತಿದ್ದ. ಅವನು ಇರಲಿ ಅಂದದ್ದು ಬೇಸಿಗೆಯ ನಡುವೆ ಎಂದೂ ನಿಂತಿರಲಿಲ್ಲ. ನಿಂತರೆ ನೂರಾರು ಜನ ಬೆಳೆದು ತಂದಿಟ್ಟದ್ದು ನಾಲ್ಕು ದಿನಕ್ಕೆ ನೀರಾಗುತ್ತದೆ.

ಅವತ್ತು ಅವನು ಊಟ ಮಾಡಿದ್ದು ಹೆಸರಿಗೆ. ಈ ಎರಡು ವರ್ಷದಲ್ಲಿ ಕೈ ದಾಟಿಹೋದ ಮೋಟರುಗಳನ್ನು ಒಂದೊಂದಾಗಿ ನೆನೆದುಕೊಂಡ. ಹಿಟ್ಟಿನ ಗಿರಣಿಯದು, ಆಸ್ಪತ್ರೆಯ ನೀರಿನ ಪಂಪು, ಮರ ಕೊಯ್ಯುವ ಮಿಲ್ಲಿನದು. ಎಲ್ಲಕ್ಕೂ ಕಿವಿಗೊಟ್ಟಿದ್ದ. ಏನೋ ಕೇಳಿಸಿತ್ತು, ಅದನ್ನೇ ಹೇಳಿದ್ದ. ಅದು ನಿಜವಾಗಿ ಕೇಳಿಸಿದ್ದೋ, ಮೂವತ್ತು ವರ್ಷದ ರೂಢಿಯಿಂದ ತಾನೇ ಕಟ್ಟಿಕೊಂಡದ್ದೋ? ಬಚಾವಾದದ್ದು ತನ್ನ ಕೆಲಸದಿಂದಲೋ, ಬರೀ ಅದೃಷ್ಟದಿಂದಲೋ?

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋದ. ಕುಳ್ಳಣ್ಣ ರಜೆಯ ದಿನವೂ ಬಂದು ವಾರ್ನಿಶ್ ಬಳಿದ ಕಾಯಿಲುಗಳನ್ನು ಬಿಸಿಲಿಗೆ ಇಡುತ್ತಿದ್ದ. ಮೇಸ್ತ್ರಿ ಸುತ್ತು ಬಳಸದೆ, ನಾಳೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಮ್ಯಾನೇಜರಿಗೆ ಫೋನು ಮಾಡಿ ಹೇಳಿಬಿಡು ಎಂದ. ಯಾಕೆ ಎಂದು ಕುಳ್ಳಣ್ಣ ಕೇಳಲಿಲ್ಲ. ಅದೇ ಉತ್ತರವಾಯಿತು.

"ನಿನಗೂ ಗೊತ್ತಿತ್ತು ಅನ್ನು," ಎಂದ ಮೇಸ್ತ್ರಿ.

"ಗೊತ್ತಿಲ್ಲದೆ ಗಂಟಲು ಹರ್ಕೊಳ್ಳೋಕೆ ನನಗೇನು ಹುಚ್ಚೇ?" ಎಂದ ಕುಳ್ಳಣ್ಣ ಗಟ್ಟಿಯಾಗಿ, ಒಂದೇ ಸಲ. "ಒಂದು ಮೋಟರು ವಾಪಸ್ ಬಂತೇನಯ್ಯಾ ಈ ಎರಡು ವರ್ಷದಲ್ಲಿ? ಒಂದು ಹೇಳು. ಆಮೇಲೆ ಫೋನು ಮಾಡ್ತೀನಿ."

ಬಂದಿರಲಿಲ್ಲ. ಮೇಸ್ತ್ರಿ ಅದೃಷ್ಟ ಎಂದ. ಅದೃಷ್ಟಕ್ಕೂ ಒಂದು ಲೆಕ್ಕ ಬೇಡವೇ ಎಂದು ಗೊಣಗಿ ಕುಳ್ಳಣ್ಣ ಕಾಯಿಲಿನ ಕಡೆ ತಿರುಗಿದ. ಬೇಕಾದರೆ ನೀನೇ ಫೋನು ಮಾಡಿಕೋ ಎಂದ. ಮೇಸ್ತ್ರಿ ಜೇಬಿನಿಂದ ಫೋನು ತೆಗೆದ, ಮ್ಯಾನೇಜರಿನ ನಂಬರು ಹುಡುಕಿದ, ಒತ್ತಲಿಲ್ಲ. ಆ ಕಡೆಯವನು ಏನಾದರೂ ಕೇಳಿದರೆ ಇವನಿಗೆ ಕೇಳಿಸಬೇಕಲ್ಲ. ಹೊರಡುವಾಗ ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡ. ಇನ್ನು ಅದು ಅಲ್ಲಿ ಯಾಕಿರಬೇಕು ಅನ್ನಿಸಿತು.

ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿ ಮಗಳು ಪೇಟೆಗೆ ಹೋಗಿದ್ದರು. ಪೆಟ್ಟಿಗೆಯನ್ನು ಆರಿಸುವುದು ಮರೆತಿದ್ದರು. ಪರದೆಯ ಮೇಲೆ ಹನ್ನೆರಡು ಎಂದಿತ್ತು. ಅಂಕಿಯ ಪಕ್ಕದಲ್ಲಿ ಸಣ್ಣ ಗೆರೆಗಳು ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿದ್ದವು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅಂದರೆ ಮೇಸ್ತ್ರಿಗೆ ಇರಲಿಲ್ಲ. ಗಾಜಿನಾಚೆ ಯಾರೋ ಬಾಯಿ ಅಲ್ಲಾಡಿಸಿದ ಹಾಗೆ ಆ ಗೆರೆಗಳು ಕುಣಿಯುತ್ತಲೇ ಇದ್ದವು. ಅವನು ಚಪ್ಪಲಿಯನ್ನೂ ಬಿಡದೆ ತುಸು ಹೊತ್ತು ನೋಡಿದ.

ಆಮೇಲೆ ಅವನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಓಡುತ್ತಿರುವ ಯಂತ್ರ ಎದುರಿಗಿತ್ತು, ಸ್ಕ್ರೂಡ್ರೈವರು ಕೈಯಲ್ಲಿತ್ತು. ತುದಿಯನ್ನು ಪೆಟ್ಟಿಗೆಯ ಮರಕ್ಕೆ ಒತ್ತಿದ. ಹಿಡಿಕೆಯ ನುಣುಪಾದ ಮಗ್ಗುಲನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟ.

ಕೊಳಲು ತಲೆಯ ನಡುವಿನಲ್ಲೇ ಹುಟ್ಟಿದ ಹಾಗೆ ಬಂತು.

ಅವನು ಸ್ಕ್ರೂಡ್ರೈವರು ತೆಗೆದ. ಮೌನ. ಮತ್ತೆ ಇಟ್ಟ. ಹೆಂಗಸು ಮೊದಲ ಸಾಲು ಹಾಡಿ ಮುಗಿಸುತ್ತಿದ್ದಳು. ಮುಗಿಸಿದಳು. ಎರಡನೆಯ ಸಾಲಿಗೆ ಮುಂಚೆ, ಹೊಸ್ತಿಲು ದಾಟುವ ಮುನ್ನ ಸೆರಗು ಸರಿಮಾಡಿಕೊಂಡಂತೆ, ಸಣ್ಣಗೆ ಉಸಿರು ತೆಗೆದುಕೊಂಡಳು.

ಮೇಸ್ತ್ರಿ ಪೆಟ್ಟಿಗೆಯನ್ನು ಹಲಗೆಯಿಂದ ಇಳಿಸಿ ಸ್ಟೂಲಿನ ಮೇಲಿಟ್ಟು, ಅದರ ಮುಂದೆ ನೆಲಕ್ಕೆ ಕೂತ. ಎಡಗೈಯಲ್ಲಿ ಫೋನು ಹಿಡಿದು ಹನ್ನೆರಡನ್ನು ಒಂಬತ್ತು ಮಾಡಿದ. ಇದ್ದಳು. ಏಳು ಮಾಡಿದ. ಇದ್ದಳು. ಐದಕ್ಕೆ ತಂದ. ಇದೇ ಎಲುಬಿನಿಂದ ಕೇಳಿದ್ದ ಹಿಟ್ಟಿನ ಗಿರಣಿ, ಆಸ್ಪತ್ರೆಯ ಪಂಪು, ಮರದ ಮಿಲ್ಲು ಒಂದೊಂದಾಗಿ ಅವನ ಎದೆಯ ಮೇಲಿನಿಂದ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದವು.

ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ, ಹಿಂದೆ ಮಗಳು, ಇಬ್ಬರ ಕೈಯಲ್ಲೂ ತರಕಾರಿ ಚೀಲ. ಮೇಸ್ತ್ರಿ ಅವರನ್ನು ನೋಡಿದ. ಫೋನನ್ನು ನೆಲದ ಮೇಲೆ ಅವರ ಕಡೆಗೆ ಸರಿಸಿ, ಕಣ್ಣು ಮುಚ್ಚಿಕೊಂಡ. ಹಿಡಿಕೆ ಎಲುಬಿಗೆ ಒತ್ತಿಕೊಂಡೇ ಇತ್ತು.

ಮಗಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ತಾಯಿಗೆ ಅಷ್ಟೂ ಹಿಡಿಯಲಿಲ್ಲ. ಅವಳು ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು ಗಂಡನ ಫೋನು ಎತ್ತಿಕೊಂಡಳು. ಅಂಕಿಯನ್ನು ಸೊನ್ನೆಗೆ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಮೇಸ್ತ್ರಿ ಕದಲಲಿಲ್ಲ. ಒಂದು ಮಾಡಿದಳು. ಚೀಲದಿಂದ ಒಂದು ಈರುಳ್ಳಿ ಉರುಳಿ ಗೋಡೆಯವರೆಗೆ ಹೋಗಿ ನಿಂತಿತು. ಎರಡು ಮಾಡಿದಳು. ತಾನೂ ಉಸಿರು ಬಿಗಿಹಿಡಿದು ಕಿವಿಗೊಟ್ಟಳು.

ಮೂರಕ್ಕೆ ಮೇಸ್ತ್ರಿಯ ಕೈ ಎದ್ದಿತು. ಹೆಂಡತಿಗೆ ಇನ್ನೂ ಏನೂ ಕೇಳಿಸಿರಲಿಲ್ಲ.